ನ್ಯಾನೋಟ್ಯೂಬ್ ಫಿಲ್ಮಿನ ರೆಸಿಸ್ಟೆನ್ಸ್ ಇಳಿಯುತ್ತಲೇ ಇಲ್ಲ, ಎಲ್ಲಿ ತಪ್ಪುತ್ತಿದ್ದೇನೆ?

ಕುಂಬಳೆಯ ಹುಡುಗ:
ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟಿಗೆ ಕಾರ್ಬನ್ ನ್ಯಾನೋಟ್ಯೂಬ್ (ಕಾರ್ಬನ್‌ನ ಅತಿಸಣ್ಣ ಕೊಳವೆ) ಫಿಲ್ಮ್ ಮಾಡುತ್ತಿದ್ದೇನೆ. ಸಿಂಗಲ್ ವಾಲ್ (ಒಂದೇ ಪದರದ ಗೋಡೆಯ) ಟ್ಯೂಬಿನ ಪುಡಿಯನ್ನು 1% ಎಸ್‌ಡಿಎಸ್ (ಸೋಪಿನಂಥ ವಸ್ತು) ಇರುವ ನೀರಿಗೆ ಹಾಕಿ, ಪ್ರೋಬ್ ಸೋನಿಕೇಟರಿನಲ್ಲಿ (ಶಬ್ದದ ಅಲೆಯಿಂದ ಪುಡಿ ಬಿಡಿಸುವ ಯಂತ್ರ) ಒಂದು ಗಂಟೆ ಇಟ್ಟು, ಸೆಲ್ಯುಲೋಸ್ ಮೆಂಬ್ರೇನ್ ಮೇಲೆ ವ್ಯಾಕ್ಯೂಮ್‌ನಲ್ಲಿ ಸೋಸುತ್ತೇನೆ. ಫಿಲ್ಮ್ ಕಪ್ಪಗೆ, ನುಣುಪಾಗಿ ಚಂದ ಬರುತ್ತದೆ. ಆದರೆ ಮಲ್ಟಿಮೀಟರ್ ಇಟ್ಟರೆ 3 ಕಿಲೋ ಓಮ್! ಕಡ್ಡಿ ಜೋರಾಗಿ ಒತ್ತಿದರೆ 2ಕ್ಕೆ ಇಳಿಯುತ್ತದೆ, ಕೈ ಸಡಿಲಿಸಿದರೆ ಮತ್ತೆ ಮೇಲೆ. ಓವನ್‌ನಲ್ಲಿ 100 ಡಿಗ್ರಿಗೆ ಒಂದು ರಾತ್ರಿ ಇಟ್ಟೆ, ದೊಡ್ಡ ಬದಲಾವಣೆ ಇಲ್ಲ. ಮಳೆಗಾಲದ ತೇವದಿಂದ ಹೀಗಾ? ನೈಟ್ರಿಕ್ ಆಸಿಡ್‌ನಲ್ಲಿ ಅದ್ದಿದರೆ ಸರಿಯಾಗುತ್ತದೆ ಅಂತ ಓದಿದೆ. ನಾಳೆಯೇ ಮಾಡಲಾ?

ಬದಿಯಡ್ಕದ ಅಕ್ಕ:
ಆಸಿಡ್ ನಾಳೆ ಬೇಡ ತಮ್ಮಾ. ಮೊದಲು ಅಳತೆ ಸರಿ ಮಾಡಿಕೊ. ಒತ್ತಿದಾಗ ಅಂಕಿ ಓಡಾಡುತ್ತದೆ ಅಂದರೆ, ನೀನು ಅಳೆಯುತ್ತಿರುವುದು ಫಿಲ್ಮನ್ನು ಮಾತ್ರ ಅಲ್ಲ, ಕಡ್ಡಿ ತಾಗುವ ಜಾಗವನ್ನೂ. ನಾಲ್ಕು ಸ್ಪ್ರಿಂಗ್ ಪಿನ್ನುಗಳನ್ನು ಒಂದೇ ಸಾಲಲ್ಲಿ, ಸಮ ಅಂತರದಲ್ಲಿ ಕೂರಿಸು. ಹೊರಗಿನ ಎರಡರಲ್ಲಿ ಕರೆಂಟ್ ಬಿಡು, ಒಳಗಿನ ಎರಡರಲ್ಲಿ ವೋಲ್ಟೇಜ್ ನೋಡು. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ 4.53ರಿಂದ ಗುಣಿಸಿದರೆ ಶೀಟ್ ರೆಸಿಸ್ಟೆನ್ಸ್, ಅಂದರೆ ಫಿಲ್ಮಿನ ಒಂದು ಚೌಕದ ರೆಸಿಸ್ಟೆನ್ಸ್. ಪಿನ್ನುಗಳ ಅಂತರಕ್ಕಿಂತ ಫಿಲ್ಮ್ ತುಂಬಾ ದೊಡ್ಡದಿದ್ದರೆ ಮಾತ್ರ ಈ 4.53 ಸರಿ. ಫಿಲ್ಮ್ ಸಣ್ಣದಾದರೆ ಅದು ಕಡಿಮೆಯಾಗುತ್ತದೆ.

ನಿಜವಾದ ಕಳ್ಳ ಸೋಪು, ಅಂದರೆ ನಿನ್ನ ಎಸ್‌ಡಿಎಸ್, ಅಂತ ನನಗೆ ಅನಿಸುತ್ತದೆ. ನಮ್ಮ ತೋಟದಲ್ಲಿ ತೋಡಿಗೆ ಅಡಿಕೆ ಮರದ ಸಂಕ ಹಾಕಿರುತ್ತಾರಲ್ಲ, ಹಾಗೆ ಯೋಚಿಸು. ಟ್ಯೂಬಿನ ಉದ್ದಕ್ಕೂ ಕರೆಂಟ್ ಸಲೀಸಾಗಿ ಓಡುತ್ತದೆ. ಒಂದು ಟ್ಯೂಬಿನಿಂದ ಇನ್ನೊಂದಕ್ಕೆ ದಾಟುವ ಕಡೆ ಸಂಕ, ಅಲ್ಲೇ ನಿಧಾನ. ಎಸ್‌ಡಿಎಸ್ ಅಲ್ಲಿ ಪಾಚಿ ಕಟ್ಟಿದ ಹಾಗೆ ಕೂತಿರುತ್ತದೆ. ಟೂತ್‌ಪೇಸ್ಟಿನಲ್ಲಿ ನೊರೆ ಬರಿಸುವ ವಸ್ತು ಅದೇ. 100 ಡಿಗ್ರಿಗೆ ನೀರು ಹೋಗುತ್ತದೆ, ಅದು ಹೋಗಲ್ಲ.

ಹಾಗಾಗಿ ಸೋಸಿದ ಮೇಲೆ ಪಂಪ್ ನಿಲ್ಲಿಸಬೇಡ. ಉಗುರುಬೆಚ್ಚಗಿನ ಡಿಸ್ಟಿಲ್ಡ್ ನೀರನ್ನು ಸ್ವಲ್ಪ ಸ್ವಲ್ಪವೇ ಬಿಡು. ಕೆಳಗಿನ ಫ್ಲಾಸ್ಕ್ ನೋಡುತ್ತಿರು. ಮೊದಮೊದಲು ನೊರೆ ಏಳುತ್ತದೆ. ಆಗಾಗ ಫ್ಲಾಸ್ಕ್ ಖಾಲಿ ಮಾಡು. ಅಲುಗಾಡಿಸಿದರೂ ನೊರೆ ಬಾರದ ಮೇಲೂ ಇನ್ನಷ್ಟು ತೊಳಿ.

ಒಂದು ಗಂಟೆ ಸೋನಿಕೇಶನ್ ಜಾಸ್ತಿ ಆಯ್ತು. ಟ್ಯೂಬುಗಳು ತುಂಡಾಗುತ್ತವೆ. ತುಂಡು ಗಿಡ್ಡವಾದಷ್ಟೂ ಸಂಕಗಳು ಹೆಚ್ಚು. ಐಸ್ ಬಾತ್‌ನಲ್ಲಿಟ್ಟು, ಬಿಟ್ಟು ಬಿಟ್ಟು, 10 ನಿಮಿಷದಿಂದ ಶುರು ಮಾಡಿ ನೋಡು.

ಮಂಜೇಶ್ವರದ ಮಾಷ್ಟ್ರು:
ಅಕ್ಕ ಹೇಳಿದ್ದು ಸರಿ. ಆಸಿಡ್ ಬಗ್ಗೆ ಒಂದು ಮಾತು, ದಯವಿಟ್ಟು ಗಮನ ಇಟ್ಟು ಓದು. ಮೆಂಬ್ರೇನ್ ಕರಗಿಸಲು ನೀನು ಅಸಿಟೋನ್ ಬಳಸುತ್ತೀ ಅಲ್ವಾ? ಅಸಿಟೋನ್ ಮತ್ತು ನೈಟ್ರಿಕ್ ಆಸಿಡ್ ಎಂದಿಗೂ ಒಂದಕ್ಕೊಂದು ತಾಗಬಾರದು. ಬೆಂಕಿ, ಸ್ಫೋಟ ಎರಡೂ ಆಗಬಹುದು. ವೇಸ್ಟ್ ಬಾಟಲಿ ಕೂಡ ಬೇರೆಬೇರೆ ಇರಲಿ. ಫಿಲ್ಮನ್ನು ಗಾಜಿನ ಮೇಲೆ ಇಳಿಸಿ, ಅಸಿಟೋನ್ ಪೂರ್ತಿ ಹೋದ ಮೇಲೆ, ಫ್ಯೂಮ್ ಹುಡ್‌ನಲ್ಲಿ (ವಿಷದ ಹೊಗೆ ಹೊರಗೆಳೆಯುವ ಗೂಡು), ಗೈಡ್ ಎದುರಿಗೇ ಮಾಡು.

ಆಸಿಡ್ ಉಳಿದ ಸೋಪನ್ನೂ ತೆಗೆಯುತ್ತದೆ, ಟ್ಯೂಬಿನಿಂದ ಎಲೆಕ್ಟ್ರಾನ್ ಎಳೆದು ಡೋಪ್ ಕೂಡ ಮಾಡುತ್ತದೆ, ಅಂದರೆ ಕರೆಂಟ್ ಹೆಚ್ಚು ಸಲೀಸಾಗಿ ಹರಿಯುವ ಹಾಗೆ ಮಾಡುತ್ತದೆ. ಸಾಮಾನ್ಯ ಸಿಂಗಲ್ ವಾಲ್ ಪುಡಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸೆಮಿಕಂಡಕ್ಟರ್. ಅದಕ್ಕೇ ಡೋಪಿಂಗಿನಿಂದ ಅಷ್ಟು ಲಾಭ. ಆದರೆ ಗಾಳಿಗಿಟ್ಟರೆ ಆ ಲಾಭ ದಿನ ಕಳೆದಂತೆ ಕರಗುತ್ತದೆ. ಅವತ್ತಿನ ಅಂಕಿಯನ್ನೇ ರಿಪೋರ್ಟಿಗೆ ಹಾಕಬೇಡ. ಒಂದು ವಾರ ಬಿಟ್ಟು ಮತ್ತೆ ಅಳೆ. ನಮ್ಮ ಮಳೆಗಾಲದಲ್ಲಿ ಅಳತೆಗೆ ಮೊದಲು ಸಿಲಿಕಾ ಜೆಲ್ ಇರುವ ಡೆಸಿಕೇಟರ್ (ತೇವ ಹೀರುವ ಮುಚ್ಚಿದ ಪಾತ್ರೆ) ಬೇಕೇ ಬೇಕು.

ಕುಂಬಳೆಯ ಹುಡುಗ:
ಅಕ್ಕಾ, ಮಾಷ್ಟ್ರೇ, ತುಂಬಾ ಉಪಕಾರ ಆಯ್ತು. ನಾಲ್ಕು ಪಿನ್ನಿನ ಅಳತೆ ಈಗ ಒತ್ತಿದರೂ ಅಲುಗಾಡುವುದಿಲ್ಲ. ಹೊಸ ಫಿಲ್ಮ್ ತೊಳೆಯುವಾಗ ಮೊದಲ ಫ್ಲಾಸ್ಕ್‌ನಲ್ಲಿ ಎಳನೀರು ಕುಲುಕಿದ ಹಾಗೆ ನೊರೆ. ನಾಲ್ಕನೆಯದರಲ್ಲಿ ಬರೀ ನೀರು. ತೊಳೆಯದ ಫಿಲ್ಮಿಗೆ ಹೋಲಿಸಿದರೆ ಶೀಟ್ ರೆಸಿಸ್ಟೆನ್ಸ್ ಅರ್ಧಕ್ಕಿಂತ ಕೆಳಗೆ ಬಂತು, ಆಸಿಡ್ ಮುಟ್ಟದೆಯೇ. ಇನ್ನು 10 ನಿಮಿಷದ ಸೋನಿಕೇಶನ್. ವಾರದೊಳಗೆ ಅಂಕಿಗಳನ್ನು ಇಲ್ಲೇ ಹಾಕುತ್ತೇನೆ.