ಕಡಲೊಳಗೆ ಚಾಚುವ ಹೊಳೆನೀರಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಪ್ರೌಢಶಾಲೆಯ ಮಕ್ಕಳಿಗೆಂದು ಕಡಲಜೀವಿಗಳ ಬಗ್ಗೆ ಪುಸ್ತಿಕೆಯೊಂದನ್ನು ಬರೆಯುತ್ತಿದ್ದೇನೆ. ಮಳೆಗಾಲದ ಅಧ್ಯಾಯದಲ್ಲಿ ಕೆಲವು ಪದಗಳು ಕೈಗೆ ಸಿಗುತ್ತಿಲ್ಲ. ಕರಾವಳಿಯ ಆಡುಮಾತು ಬಲ್ಲವರು ದಯವಿಟ್ಟು ತಿಳಿಸಿ.

ಮೊದಲನೆಯದು ‘ಪ್ಲೂಮ್’. ಜುಲೈಯಲ್ಲಿ ನೇತ್ರಾವತಿ, ಗುರುಪುರ ಹೊಳೆಗಳು ಉಳ್ಳಾಲ–ಬೆಂಗ್ರೆ ನಡುವಿನ ಅಳಿವೆಬಾಗಿಲಲ್ಲಿ ಕಡಲಿಗೆ ಇಳಿದಾಗ ಕೆಂಪು ನೀರು ಒಳಕ್ಕೆ ಚಾಚಿಕೊಳ್ಳುತ್ತದೆ. ಸಿಹಿನೀರು ಹಗುರವಾದ್ದರಿಂದ ಕೂಡಲೇ ಬೆರೆಯದೆ ಉಪ್ಪುನೀರಿನ ಮೇಲೆ ಪದರವಾಗಿ ಹರಡುತ್ತದೆ. ಎರಡೂ ಸಂಧಿಸುವಲ್ಲಿ ನೊರೆ, ಕಸಕಡ್ಡಿ ಕೂಡಿ ಗೆರೆ ಎಳೆದಂತೆ ಕಾಣುತ್ತದೆ. ಇಂಗ್ಲಿಷ್ ನಿಘಂಟು ತೆರೆದರೆ ಗರಿ, ತುರಾಯಿ ಎಂದಿರುತ್ತದೆ. ‘ನದಿ ತುರಾಯಿ’ ಎಂದರೆ ಮಕ್ಕಳಿಗೆ ಏನು ತಿಳಿದೀತು? ‘ಪ್ರವಾಹ’ ನೆರೆಗೆ ಸಂದುಹೋಗಿದೆ. ‘ಕೆನ್ನೀರು’ ಚೆಂದದ ಮಾತು. ಆದರೆ ಸೂಕ್ಷ್ಮಜೀವಿಗಳು ಮಿತಿಮೀರಿ ಹೆಚ್ಚಿ ಕಡಲು ಕೆಂಪಾಗುವುದೂ ಉಂಟು, ಅದಕ್ಕೂ ಇದಕ್ಕೂ ಗೊಂದಲವಾಗುತ್ತದೆ. ಸದ್ಯಕ್ಕೆ ‘ಹೊಳೆಹರವು’ ಎಂದು ಬರೆದಿಟ್ಟಿದ್ದೇನೆ. ಮೀನುಗಾರರ ಬಾಯಲ್ಲಿ ಇದಕ್ಕೆ ಬೇರೆ ಹೆಸರಿದ್ದರೆ ಅದನ್ನೇ ಬಳಸುವ ಆಸೆ.

ಇದಕ್ಕೆ ಇಷ್ಟು ಪಟ್ಟು ಹಿಡಿಯಲು ಕಾರಣವಿದೆ. ಸಸ್ಯಪ್ಲವಕದ, ಅಂದರೆ ನೀರಿನಲ್ಲಿ ತೇಲುತ್ತ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಸೂಕ್ಷ್ಮಜೀವಿಗಳ, ಬೆಳವಣಿಗೆ ಈ ಹರವಿನ ಉದ್ದಕ್ಕೂ ಒಂದೇ ತೆರನಾಗಿ ಇರುವುದಿಲ್ಲ. ಅಳಿವೆಯ ಹತ್ತಿರ ಸಾರಜನಕ, ರಂಜಕ, ಸಿಲಿಕಾ ಎಲ್ಲವೂ ಇವೆ, ಆದರೆ ಕೆಸರು ಬೆಳಕನ್ನು ಒಳಗೆ ಬಿಡುವುದಿಲ್ಲ. ಹೊರಗೆ ಹೋದಂತೆ ಮಣ್ಣು ತಳಕ್ಕಿಳಿದು ನೀರು ತಿಳಿಯಾಗುತ್ತದೆ. ಈ ಪೋಷಕ ಸಾರ ಇನ್ನೂ ಉಳಿದಿರುವಾಗಲೇ ಬಿಸಿಲು ಸಿಗುವ ಆ ಪಟ್ಟಿಯಲ್ಲಿ ಸಿಲಿಕಾ ಕವಚದ ಸಸ್ಯಪ್ಲವಕಗಳಾದ ಡಯಾಟಮ್‌ಗಳು ಭರದಿಂದ ಬೆಳೆಯುತ್ತವೆ. ಹಾಗೆಂದು ಸಿಹಿನೀರು ಬಂದಷ್ಟೂ ಬೆಳವಣಿಗೆ ಎನ್ನುವಂತಿಲ್ಲ. ಬಂಗಾಳ ಕೊಲ್ಲಿಗೆ ಗಂಗೆ, ಬ್ರಹ್ಮಪುತ್ರ, ಐರಾವತಿ ಸುರಿಯುವ ನೀರು ಅಪಾರ, ಆದರೆ ಹಗುರವಾದ ಆ ಮೇಲ್ಪದರವೇ ಮುಚ್ಚಳವಾಗಿ ಕೆಳಗಿನ ಸಾರವನ್ನು ಮೇಲೇಳಗೊಡುವುದಿಲ್ಲ. ನಮ್ಮ ಪಡುವಣ ಕಡಲಲ್ಲಿ ಅದೇ ತಿಂಗಳುಗಳಲ್ಲಿ ಆಳದ ತಣ್ಣೀರು ಮೇಲಕ್ಕೆ ಉಕ್ಕಿ ಬರುವುದರಿಂದ ಇಲ್ಲಿನ ಹೆಚ್ಚಳವನ್ನೆಲ್ಲ ಹೊಳೆಗಳ ಲೆಕ್ಕಕ್ಕೆ ಬರೆಯಲೂ ಆಗದು. ಇಂಗ್ಲಿಷಿನಲ್ಲಿ ‘ಅಪ್‌ವೆಲಿಂಗ್’ ಎನ್ನುವ ಆ ಉಕ್ಕುವಿಕೆಗೆ ‘ಮೇಲುಕ್ಕು’ ಸಾಕೇ?

ಸಸ್ಯಪ್ಲವಕವನ್ನು ಹಾಗೇ ಉಳಿಸಿಕೊಂಡಿದ್ದೇನೆ. ‘ತೇಲುಸಸ್ಯ’ ಎಂದರೆ ಮಕ್ಕಳ ಕಣ್ಣಮುಂದೆ ಬರುವುದು ಕೆರೆಯ ಅಂತರಗಂಗೆ.

ನಿಜವಾದ ತೊಡಕು ‘ಬ್ಲೂಮ್’ನದು, ಅಂದರೆ ಪ್ಲವಕ ಕೆಲವೇ ದಿನಗಳಲ್ಲಿ ಅಪಾರವಾಗಿ ಹೆಚ್ಚುವುದರದು. ‘ಹೂಬಿಡುವಿಕೆ’ ಎಂದು ಬರೆದವರಿದ್ದಾರೆ. ಇಲ್ಲಿ ಹೂವಿಲ್ಲ, ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತ ಹೋಗುತ್ತವೆ. ನನಗೆ ಹೊಳೆದದ್ದು ‘ಹುಲುಸು’. ನೈಲ್ ನದಿಯ ಕತೆಗೆ ಅದು ಸರಿಯಾಗಿ ಒಪ್ಪುತ್ತದೆ. ಪ್ರತಿ ವರ್ಷ ನೆರೆಯ ನೀರು ಈಜಿಪ್ಟಿನ ಕಡಲಂಚಿಗೆ ಬಂದಾಗ ಡಯಾಟಮ್‌ಗಳು ಹುಲುಸಾಗಿ ಬೆಳೆದು, ಅದರ ಹಿಂದೆಯೇ ನಮ್ಮ ಬೂತಾಯಿಯ ಬಳಗದ ಸಾರ್ಡೀನ್ ಮೀನು ಹಿಂಡುಹಿಂಡಾಗಿ ಬರುತ್ತಿತ್ತು. 1964ರಿಂದ ಆಸ್ವಾನ್ ಅಣೆಕಟ್ಟಿನಲ್ಲಿ ನೀರು ನಿಲ್ಲತೊಡಗಿತು. 1962ರಲ್ಲಿ ಸುಮಾರು 18,000 ಟನ್ ಇದ್ದ ಸಾರ್ಡೀನ್ ಇಳುವರಿ 1968ರ ಹೊತ್ತಿಗೆ ಸಾವಿರ ಟನ್ನಿಗೂ ಕೆಳಗಿಳಿಯಿತು. ಹೊಳೆ ಕಡಲಿಗೆ ಸೇರುವುದನ್ನು ‘ವ್ಯರ್ಥ’ ಎನ್ನುವವರು ಇದನ್ನು ಓದಬೇಕು.

ಆದರೆ ಅಮೆರಿಕದ ಮಿಸಿಸಿಪ್ಪಿ ನದಿಯ ವಿಷಯದಲ್ಲಿ ‘ಹುಲುಸು’ ಎನ್ನಲು ಮನಸ್ಸು ಒಪ್ಪುವುದಿಲ್ಲ. ಮೆಕ್ಕೆಜೋಳದ ಹೊಲಗಳ ಗೊಬ್ಬರ ಹೊಳೆಯಲ್ಲಿ ಕಡಲಿಗೆ ಬಂದು, ಪ್ಲವಕ ಅತಿಯಾಗಿ ಬೆಳೆದು, ಸತ್ತು, ತಳದಲ್ಲಿ ಕೊಳೆಯುವಾಗ ಆಮ್ಲಜನಕ ಬರಿದಾಗುತ್ತದೆ. ಅಲ್ಲಿ ಮೀನು ನಿಲ್ಲುವುದಿಲ್ಲ. ನಮ್ಮ ಕಿವಿಗೆ ಹುಲುಸು ಎಂದರೆ ಒಳ್ಳೆಯದೇ. ಒಳಿತು ಕೆಡುಕು ಎರಡನ್ನೂ ಹೊರಬಲ್ಲ ಪದ ಬೇಕೋ, ಎರಡಕ್ಕೂ ಬೇರೆ ಬೇರೆ ಪದ ಇರಲೋ? ನನ್ನ ಒಲವು ಎರಡನೆಯದಕ್ಕೆ.

ಇನ್ನೊಂದು ಪ್ರಶ್ನೆ. ಮಳೆಗಾಲದಲ್ಲಿ ನಾಡದೋಣಿಯವರು ‘ತೂಫಾನ್ ಆಗಬೇಕು, ಆಮೇಲೆ ಮೀನು’ ಎನ್ನುತ್ತಾರಲ್ಲ, ಆ ತೂಫಾನ್ ಎಂದರೆ ಬರೀ ಗಾಳಿ-ಅಲೆಗಳ ಅಬ್ಬರವೋ, ಹೊಳೆಯ ನೆರೆನೀರು ಕಡಲಿಗೆ ನುಗ್ಗಿ ಕಲಕುವುದೂ ಅದರಲ್ಲಿ ಸೇರಿದೆಯೋ? ಮಲ್ಪೆ, ಗಂಗೊಳ್ಳಿ, ಹೊನ್ನಾವರ ಕಡೆಯವರು ತಮ್ಮ ಮನೆಯ ಹಿರಿಯರನ್ನು ಕೇಳಿ ಬರೆದರೆ ಉಪಕಾರವಾಗುತ್ತದೆ.