ಸಹಾಯ ಬೇಕು: ಪ್ಲಮ್ ತಳಿಗಳ ಹೋಲಿಕೆಯಲ್ಲಿ ಹೆಚ್ಚಿನ ಕಾಯಿ ಕೀಳುವ ಲೆಕ್ಕ

ಎಲ್ಲರಿಗೂ ನಮಸ್ಕಾರ. ಸಾಂತಾ ರೋಸಾ, ಮೆಥ್ಲಿ, ಸ್ಟ್ಯಾನ್ಲಿ ತಳಿಗಳ ಇಳುವರಿ ಮತ್ತು ಹಣ್ಣಿನ ಗುಣಮಟ್ಟ ಹೋಲಿಸುತ್ತಿದ್ದೇವೆ. ಮೂರಕ್ಕೂ ರೂಟ್‌ಸ್ಟಾಕ್ (ಕಸಿ ಕಟ್ಟಿದ ಬೇರುಗಿಡ) ಒಂದೇ, ವಯಸ್ಸೂ ಒಂದೇ.

ಮರಕ್ಕೆ ಇಷ್ಟು ಕಿಲೋ ಎಂದಷ್ಟೇ ಬರೆದರೆ ದೊಡ್ಡ ಮರವೇ ಗೆಲ್ಲುತ್ತದೆ. ಅದಕ್ಕೆ ಕಸಿ ಗಂಟಿನಿಂದ 20 ಸೆಂ.ಮೀ. ಮೇಲೆ ಕಾಂಡದ ಸುತ್ತಳತೆ ತೆಗೆದು, ಅದರ ವರ್ಗವನ್ನು 12.57ರಿಂದ (4π) ಭಾಗಿಸಿ, ಬಂದ ಕಾಂಡದ ಅಡ್ಡಕೊಯ್ತದ ಪ್ರತಿ ಚದರ ಸೆಂ.ಮೀ.ಗೆ ಎಷ್ಟು ಕಿಲೋ ಎಂದು ಲೆಕ್ಕ ಹಾಕುತ್ತಿದ್ದೇವೆ.

ತೊಡಕಿರುವುದು ಗುಣಮಟ್ಟದಲ್ಲಿ. ಕಾಯಿ ಹೆಚ್ಚು ಕಚ್ಚಿದ ಮರದಲ್ಲಿ ಹಣ್ಣು ಸಣ್ಣದು, ಸಿಹಿಯೂ ಕಡಿಮೆ. ಕಾಯಿಗಳ ನಡುವೆ 8–10 ಸೆಂ.ಮೀ. ಬಿಟ್ಟು ಉಳಿದವನ್ನು ಕಿತ್ತರೆ ಗಾತ್ರ, ಬ್ರಿಕ್ಸ್ (ಸಿಹಿಯ ಅಳತೆ) ಎರಡೂ ಏರುತ್ತವೆ, ಒಟ್ಟು ತೂಕ ಇಳಿಯುತ್ತದೆ. ಮೂರೂ ತಳಿಗೆ ಒಂದೇ ಅಂತರ ಇಡಬೇಕೇ, ಅಥವಾ ಕಾಂಡದ ಅಳತೆಗೆ ತಕ್ಕಷ್ಟು ಕಾಯಿ ಉಳಿಸಬೇಕೇ? ಎರಡನೆಯದೇ ನ್ಯಾಯವೆಂದು ನಮ್ಮ ಅನಿಸಿಕೆ. ಮಾಡಿ ನೋಡಿದವರು ಚದರ ಸೆಂ.ಮೀ.ಗೆ ಎಷ್ಟು ಕಾಯಿ ಬಿಟ್ಟಿರಿ, ದಯವಿಟ್ಟು ತಿಳಿಸಿ.

ಕೊಯ್ಲಿನ ಹದವೂ ಹಾಗೆಯೇ. ಸಿಪ್ಪೆಯ ಬಣ್ಣ ನಂಬುವಂತಿಲ್ಲ, ತಿರುಳು ಗಟ್ಟಿಯಿರುವಾಗಲೇ ಕೆಂಪೇರುತ್ತದೆ. 8 ಮಿ.ಮೀ. ತುದಿಯ ಪೆನೆಟ್ರೋಮೀಟರ್‌ನಿಂದ ಗಟ್ಟಿತನ ನೋಡಿ, ಮರದ ನಾಲ್ಕೂ ದಿಕ್ಕಿನ ಹಣ್ಣು ಸೇರಿಸಿ ಬ್ರಿಕ್ಸ್ ಅಳೆಯುತ್ತಿದ್ದೇವೆ. ನೆರಳಿನ ಹಣ್ಣು ಸಪ್ಪೆ. ಎರಡು ಮೂರು ಸಲ ಕೊಯ್ದಾಗ ಸರಾಸರಿಯನ್ನು ತೂಕದ ಪಾಲಿನಂತೆ ತೆಗೆಯುವಿರಾ?

ಇನ್ನೊಂದು: ಸ್ಟ್ಯಾನ್ಲಿ ಯುರೋಪಿಯನ್ ಜಾತಿ, ಅದರ ಪರಾಗ ಸಾಂತಾ ರೋಸಾಕ್ಕೆ ಆಗದು. ಸಾಂತಾ ರೋಸಾ ಸ್ವಂತ ಪರಾಗದಿಂದ ಭಾಗಶಃ ಮಾತ್ರ ಕಚ್ಚುತ್ತದೆ. ಅದಕ್ಕೆ ಪರಾಗ ಕೊಡಬೇಕಾದ ಮೆಥ್ಲಿ ಬೇಗ ಹೂಬಿಟ್ಟು ಮುಗಿಸಿದ ವರ್ಷದ ಸಾಂತಾ ರೋಸಾ ಅಂಕಿಯನ್ನು ಹೋಲಿಕೆಯಿಂದ ಕೈಬಿಡಬೇಕೇ?