ಒಂದು ವರ್ಷದಿಂದ ಸುತ್ತುತ್ತಿದ್ದೇನೆ, ಒಂದು ಹಕ್ಕಿಯೂ ಶಾರ್ಪ್ ಬಂದಿಲ್ಲ. ದೊಡ್ಡ ಲೆನ್ಸ್ ತಗೊಳ್ಳಲಾ?

ಹೊಸ ಕ್ಯಾಮೆರಾದವ:

ಎಲ್ರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಇದು ನನ್ನ ಮೊದಲ ಪ್ರಶ್ನೆ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ಕ್ಯಾಮೆರಾ ತಗೊಂಡು ಒಂದು ವರ್ಷವಾಯಿತು. ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರಿನ) ಬಾಡಿ, ಜೊತೆಗೆ ಒಂದು 18-55 ಎಂಎಂ ಲೆನ್ಸ್, ಒಂದು 70-300 ಎಂಎಂ ಲೆನ್ಸ್. ರಜೆ ಸಿಕ್ಕರೆ ಸಾಕು, ಹೊರಟೆ. ಬೆಳಗ್ಗೆ ಒಂದು ಕೆರೆ, ಆಮೇಲೆ ಬೆಟ್ಟ, ಮಧ್ಯಾಹ್ನ ಜಲಪಾತ, ಸಂಜೆ ಇನ್ನೊಂದು ಕೆರೆ, ಮೈಯಲ್ಲಿ ಜೀವ ಉಳಿದಿದ್ದರೆ ರಾತ್ರಿ ನಕ್ಷತ್ರ. ಮನೆಗೆ ಬರುವಾಗ ಕಾರ್ಡಿನಲ್ಲಿ ಎಂಟುನೂರು, ಸಾವಿರ ಫೋಟೋ ಇರುತ್ತವೆ. ಕ್ಯಾಮೆರಾದ ಹಿಂದಿನ ಪುಟ್ಟ ಸ್ಕ್ರೀನಿನಲ್ಲಿ ನೋಡಿದರೆ ಎಲ್ಲವೂ ಚೆಂದ. ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿದ ಕೂಡಲೇ ಹೊಟ್ಟೆ ಉರಿಯುತ್ತದೆ. ಹಕ್ಕಿಯ ಕಣ್ಣು ಮಸುಕು, ಅದರ ಹಿಂದಿನ ಕೊಂಬೆ ಮಾತ್ರ ಎಲೆಯ ನರ ಎಣಿಸುವಷ್ಟು ಶಾರ್ಪ್!

ಬೆಳ್ಳಕ್ಕಿ ತೆಗೆದರೆ ಒಗೆದು ಒಣಗಿಸಿದ ಬಟ್ಟೆ ಥರ ಬರುತ್ತದೆ, ಒಂದು ಗರಿಯೂ ಕಾಣುವುದಿಲ್ಲ. ಜಲಪಾತದ ನೀರು ರೇಷ್ಮೆ ಥರ ಬರಲಿ ಅಂತ ಅಪರ್ಚರ್, ಅಂದರೆ ಲೆನ್ಸಿನ ರಂಧ್ರ, ತುಂಬ ಚಿಕ್ಕದು ಮಾಡಿ ಎಫ್/22 ಇಟ್ಟೆ. ರೇಷ್ಮೆ ಬರಲಿಲ್ಲ, ಇಡೀ ಫೋಟೋವೇ ಮೆತ್ತಗಾಯಿತು. ನಕ್ಷತ್ರಗಳು ಚುಕ್ಕಿ ಆಗುವ ಬದಲು ಅಕ್ಕಿಕಾಳು ಆಗಿವೆ.

ನನ್ನ ಜೊತೆ ಬರುವ ಗೆಳೆಯ ಇದೆಲ್ಲ ಲೆನ್ಸಿನ ದೋಷ, 150-600 ತಗೋ ಅನ್ನುತ್ತಾನೆ. ನಾಲ್ಕು ಸಲ ಯೋಚಿಸಿ ಕೇಳುತ್ತಿದ್ದೇನೆ. ತಗೊಳ್ಳಲಾ? ಅಥವಾ ನನಗೇ ಬರುತ್ತಿಲ್ಲವಾ? ಬರುತ್ತಿಲ್ಲ ಅಂದರೂ ಪರವಾಗಿಲ್ಲ, ನೇರವಾಗಿ ಹೇಳಿ.

ಕೆಸರುಬೂಟು:

ನೇರವಾಗಿ ಹೇಳಿ ಅಂದಿದ್ದೀರಿ, ಹಾಗಾಗಿ ಹೇಳುತ್ತೇನೆ. ಲೆನ್ಸ್ ಅಲ್ಲ, ನಿಮ್ಮ ಶಟರ್ ಸ್ಪೀಡ್, ಅಂದರೆ ಬೆಳಕಿಗೆ ಶಟರ್ ತೆರೆದಿರುವ ಸಮಯ. ಫೋಟೋ ನೋಡದೇ ಹೇಳುತ್ತಿದ್ದೇನೆ, ಆದರೂ ಧೈರ್ಯ ಇದೆ. ಯಾವುದಾದರೂ ಮಸುಕಾದ ಹಕ್ಕಿ ಫೋಟೋ ತೆರೆದು ಅದರ ಮಾಹಿತಿ ನೋಡಿ. 1/125 ಅಥವಾ 1/160 ಸೆಕೆಂಡ್ ಇರುತ್ತದೆ.

ಹಳೇ ಲೆಕ್ಕ ಒಂದಿದೆ. ಕೈಯಲ್ಲಿ ಹಿಡಿದು ತೆಗೆಯುವಾಗ ಶಟರ್ ಸ್ಪೀಡ್, ಒಂದನ್ನು ಫೋಕಲ್ ಲೆಂತಿನಿಂದ (ಲೆನ್ಸಿನ ಎಂಎಂ ಅಂಕಿಯಿಂದ) ಭಾಗಿಸಿದಷ್ಟಾದರೂ ವೇಗ ಇರಬೇಕು. ನಿಮ್ಮದು ಕ್ರಾಪ್ ಸೆನ್ಸರ್, ಹಾಗಾಗಿ 300ನ್ನು 1.5ರಿಂದ ಗುಣಿಸಿ, 450 ಆಯಿತು. ಅಂದರೆ 1/500. ಇದು ನಿಮ್ಮ ಕೈ ನಡುಕಕ್ಕೆ ಮಾತ್ರ. ಹಕ್ಕಿ ಅಲ್ಲಾಡುತ್ತದಲ್ಲ, ಅದರ ಲೆಕ್ಕ ಬೇರೆ. ಸುಮ್ಮನೆ ಕೂತ ಸಣ್ಣ ಹಕ್ಕಿಯೂ ಕ್ಷಣಕ್ಕೊಮ್ಮೆ ತಲೆ ತಿರುಗಿಸುತ್ತದೆ, ಅದಕ್ಕೆ ನಾನು 1/1000 ಇಡುತ್ತೇನೆ. ಹಾರುವ ಹಕ್ಕಿಗೆ 1/2000, ಅದಕ್ಕಿಂತ ಜಾಸ್ತಿ ಆದರೂ ಸರಿ. ಲೆನ್ಸಿನಲ್ಲಿ ಸ್ಟೆಬಿಲೈಸೇಶನ್ ಇದೆಯಲ್ಲ ಅಂತ ಕೇಳಬೇಡಿ. ಅದು ನಿಮ್ಮ ಕೈಯನ್ನು ಹಿಡಿಯುತ್ತದೆ, ಹಕ್ಕಿಯನ್ನು ಹಿಡಿಯುವುದಿಲ್ಲ.

ಮ್ಯಾನುವಲ್ ಮೋಡಿಗೆ ಹೋಗಿ, ಶಟರ್ ಮತ್ತು ಅಪರ್ಚರ್ ನೀವು ಇಡಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) ಆಟೋಗೆ ಬಿಡಿ. ಐಎಸ್‌ಒ 1600, 3200 ಹೋಯಿತು ಅಂತ ಹೆದರಬೇಡಿ. ಕಾಳುಕಾಳು ಬಂದರೆ ಮನೆಯಲ್ಲಿ ಕೂತು ಕಡಿಮೆ ಮಾಡಬಹುದು, ಅಲ್ಲಾಡಿದ್ದನ್ನು ಯಾರೂ ಸರಿ ಮಾಡಿಕೊಡುವುದಿಲ್ಲ.

ಕೊಂಬೆ ಶಾರ್ಪ್, ಕಣ್ಣು ಮಸುಕು ಅಂದಿರಲ್ಲ, ಅದು ಫೋಕಸ್ ಪಾಯಿಂಟ್ ಕಥೆ. ಎಲ್ಲ ಪಾಯಿಂಟುಗಳನ್ನೂ ಕ್ಯಾಮೆರಾಗೆ ಬಿಟ್ಟರೆ ಅದಕ್ಕೆ ಹಕ್ಕಿ ಯಾವುದು, ಕಡ್ಡಿ ಯಾವುದು ಅಂತ ಹೇಗೆ ಗೊತ್ತಾಗಬೇಕು? ಹಕ್ಕಿಯ ಕಣ್ಣು ಗುರುತಿಸುವ ಹೊಸ ಬಾಡಿಯಾದರೆ ಸರಿ, ಇಲ್ಲವಾದರೆ ಒಂದೇ ಪಾಯಿಂಟ್ ಇಟ್ಟು ಕಣ್ಣಿನ ಮೇಲೆ ಹಿಡಿಯಿರಿ. 300 ಎಂಎಂನಲ್ಲಿ, ಎಫ್/5.6ರಲ್ಲಿ, ಐದು ಮೀಟರ್ ದೂರದ ಹಕ್ಕಿಗೆ ನಿಮಗೆ ಶಾರ್ಪ್ ಸಿಗುವ ಆಳ ಸುಮಾರು ಆರು ಸೆಂಟಿಮೀಟರ್. ಅದೇ ದೂರಕ್ಕೆ 600 ಎಂಎಂ, ಎಫ್/6.3 ಇಟ್ಟರೆ ಎರಡು ಸೆಂಟಿಮೀಟರ್ ಕೂಡ ಇಲ್ಲ. ಈಗಲೇ ಕಣ್ಣು ತಪ್ಪುತ್ತಿದೆ, ಆಗ ಏನು ಮಾಡುತ್ತೀರಿ?

ಬೆಳ್ಳಕ್ಕಿ ವಿಷಯ. ಕ್ಯಾಮೆರಾದ ಮೀಟರಿಗೆ ಲೋಕವೆಲ್ಲ ಮಧ್ಯಮ ಬೂದು ಬಣ್ಣ. ಕಪ್ಪು ನೀರಿನ ನಡುವೆ ಒಂದು ಚಿಕ್ಕ ಬಿಳಿ ಹಕ್ಕಿ ಇದ್ದರೆ ಅದು ನೀರನ್ನು ನೋಡಿ 'ಅಯ್ಯೋ ಕತ್ತಲು' ಅಂತ ಬೆಳಕು ಏರಿಸುತ್ತದೆ, ಹಕ್ಕಿ ಸುಟ್ಟುಹೋಗುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಮೀಟರ್ ಹೇಳಿದ ಬೆಳಕನ್ನು ಏರಿಸಿ ಇಳಿಸುವ ಸೆಟಿಂಗ್) ಮೈನಸ್ 1 ಇಟ್ಟು ನೋಡಿ. ನೀರುಕಾಗೆ ಬೆಳ್ಳಗಿನ ಆಕಾಶದ ಎದುರು ಕೂತಿದ್ದರೆ ಉಲ್ಟಾ, ಪ್ಲಸ್ 1. ಜೆಪೆಗ್ ಬಿಟ್ಟು ರಾ ಫೈಲಿನಲ್ಲಿ (ಸೆನ್ಸರ್ ಕೊಟ್ಟ ಮಾಹಿತಿ ಕಳೆಯದೆ ಉಳಿಸುವ ಫೈಲ್) ತೆಗೆಯಿರಿ. ಜೆಪೆಗ್ 8 ಬಿಟ್, ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು. 14 ಬಿಟ್ ರಾ ಆದರೆ 16,384. ಸ್ವಲ್ಪ ಜಾಸ್ತಿಯಾದ ಬೆಳಕನ್ನು ರಾನಲ್ಲಿ ಎಳೆದು ತರಬಹುದು. ಪೂರ್ತಿ ಸುಟ್ಟಿದ್ದರೆ ಅದರಲ್ಲೂ ಇಲ್ಲ.

ನಿಧಾನಿ:

ಮೇಲಿನವರು ಹೇಳಿದ್ದು ಸರಿ. ಆದರೆ ನನಗೆ ಕಣ್ಣಿಗೆ ಬಿದ್ದದ್ದು ಬೇರೆ. ಬೆಳಗ್ಗೆ ಕೆರೆ, ಆಮೇಲೆ ಬೆಟ್ಟ, ಮಧ್ಯಾಹ್ನ ಜಲಪಾತ, ಸಂಜೆ ಕೆರೆ, ರಾತ್ರಿ ನಕ್ಷತ್ರ. ಓದುವಾಗಲೇ ನನಗೆ ಸುಸ್ತಾಯಿತು! ಹಕ್ಕಿಗೆ ಹೇಗಾಗಬೇಡ?

ನಾನೂ ಹಾಗೇ ಓಡುತ್ತಿದ್ದೆ. ಒಂದು ಸಲ ಕಾಲು ಉಳುಕಿ ಎಲ್ಲೂ ಹೋಗಲಾಗದೆ, ಹತ್ತಿರದ ನೀರಿನ ಪಕ್ಕ ಒಂದೇ ಜಾಗದಲ್ಲಿ ನಾಲ್ಕು ಬೆಳಗ್ಗೆ ಕೂರಬೇಕಾಯಿತು. ಮೊದಲ ದಿನ ಮಿಂಚುಳ್ಳಿ ನನ್ನನ್ನು ನೋಡಿ ಹಾರಿಹೋಯಿತು. ಎರಡನೇ ದಿನ ದೂರದಲ್ಲಿ ಕೂತಿತು. ಆ ದಿನ ಕ್ಯಾಮೆರಾ ಮಡಿಲಲ್ಲಿಟ್ಟುಕೊಂಡು ಸುಮ್ನೆ ನೋಡಿದೆ. ಅದಕ್ಕೆ ಇಷ್ಟವಾದ ಕೊಂಬೆ ಎರಡೇ. ಒಂದರಿಂದ ನೀರಿಗೆ ಧುಮುಕುತ್ತದೆ, ಮೀನು ಸಿಕ್ಕರೆ ಇನ್ನೊಂದಕ್ಕೆ ಬರುತ್ತದೆ, ಅಲ್ಲಿ ಮೀನನ್ನು ಕೊಂಬೆಗೆ ಬಡಿದು ಬಡಿದು ಸುಸ್ತು ಮಾಡಿ ತಲೆ ಕಡೆಯಿಂದ ನುಂಗುತ್ತದೆ. ಇಷ್ಟು ಗೊತ್ತಾದ ಮೇಲೆ ಅದರ ಹಿಂದೆ ಓಡುವುದೇನಿದೆ? ಮೂರನೇ ದಿನ ಎರಡನೇ ಕೊಂಬೆಗೆ ಫೋಕಸ್ ಇಟ್ಟು ಕಾದೆ. ನನ್ನದೂ 70-300ಯೇ. ಆ ಫೋಟೋ ಇವತ್ತಿಗೂ ಗೋಡೆ ಮೇಲಿದೆ. (ನಾಲ್ಕನೇ ದಿನ ಮಳೆ, ಏನೂ ಸಿಗಲಿಲ್ಲ, ಸುಳ್ಳು ಹೇಳಬಾರದು.)

ಇನ್ನೊಂದೆರಡು ಮಾತು. ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಮೇಲೇಳುತ್ತವೆ. ಹಾಗಾಗಿ ಗಾಳಿ ನಿಮ್ಮ ಬೆನ್ನಿಗೆ, ಬಿಸಿಲೂ ನಿಮ್ಮ ಬೆನ್ನಿಗೆ ಇರುವ ಜಾಗದಲ್ಲಿ ಕೂತರೆ ಹಕ್ಕಿ ನಿಮ್ಮ ಕಡೆಗೇ ಹಾರುತ್ತದೆ, ಮುಖದ ಮೇಲೆ ಬೆಳಕೂ ಇರುತ್ತದೆ. ಹಾರುವ ಮುಂಚೆ ಎಷ್ಟೋ ಹಕ್ಕಿಗಳು ಹಿಕ್ಕೆ ಹಾಕುತ್ತವೆ. ನಗಬೇಡಿ, ಅದು ಕಂಡ ಕೂಡಲೇ ಬೆರಳು ಶಟರ್ ಮೇಲಿರಬೇಕು. ಆಮೇಲೆ, ನಿಂತು ತೆಗೆಯಬೇಡಿ. ನೆಲದ ಮೇಲೆ ಕೂತುಬಿಡಿ, ಸಾಧ್ಯವಾದರೆ ಮಲಗಿ. ಬಾತುಕೋಳಿಯ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿದರೆ ಅದೇ ಹಳೇ ಕೆರೆ ಬೇರೆ ಊರಿನ ಥರ ಕಾಣುತ್ತದೆ.

ಗಾಜುಪ್ರೇಮಿ:

ನಾನು ಸ್ವಲ್ಪ ಜಗಳ ಆಡುತ್ತೇನೆ. ತಾಳ್ಮೆ ಇದ್ದರೆ ಸಾಕು, ಲೆನ್ಸ್ ಮುಖ್ಯ ಅಲ್ಲ ಅಂತ ಹೇಳುವವರಲ್ಲಿ ಮುಕ್ಕಾಲು ಜನರ ಬ್ಯಾಗಿನಲ್ಲಿ 600 ಇರುತ್ತದೆ. (ನಿಧಾನಿ ಅಕ್ಕನಿಗೆ ಹೇಳಿದ್ದಲ್ಲ.)

300ರಿಂದ 600ಕ್ಕೆ ಹೋದರೆ ಹಕ್ಕಿ ಉದ್ದ, ಅಗಲ ಎರಡರಲ್ಲೂ ಎರಡರಷ್ಟಾಗುತ್ತದೆ, ಅಂದರೆ ಅದೇ ಹಕ್ಕಿಗೆ ನಾಲ್ಕು ಪಟ್ಟು ಪಿಕ್ಸೆಲ್. ಇದು ಸಣ್ಣ ವಿಷಯ ಅಲ್ಲ. ಇನ್ನೊಂದು, ಚಿಕ್ಕ ಲೆನ್ಸ್ ಇರುವವರು ಹತ್ತಿರ ಹೋಗುತ್ತಾರೆ. ಅದರಲ್ಲೂ ಗೂಡು ಕಂಡರೆ ಬಿಡುವುದಿಲ್ಲ. ನನ್ನ ಕಣ್ಣಾರೆ ನೋಡಿದ್ದೇನೆ, ಗೂಡಿನ ಮುಂದಿನ ಎಲೆ ಕಿತ್ತು ಫೋಟೋ ತೆಗೆದರು. ತಾಯಿ ಹಕ್ಕಿ ದೂರ ಕೂತು ಕೂಗುತ್ತಿತ್ತು, ಮೊಟ್ಟೆ ತಣ್ಣಗಾಗುತ್ತಿತ್ತು, ಮೇಲೆ ಕಾಗೆ ನೋಡುತ್ತಿತ್ತು. ಮುಚ್ಚಿದ್ದ ಎಲೆ ಹೋದ ಮೇಲೆ ಗೂಡು ಎಲ್ಲರಿಗೂ ಕಾಣುತ್ತದಲ್ಲ. ಹೊಸಬರಿಗೆ ಒಂದೇ ಮಾತು, ಗೂಡು ಕಂಡರೆ ಹಿಂದೆ ಬನ್ನಿ. ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯುವುದೂ ಬೇಡ. ಇನ್ನೊಂದು ಹಕ್ಕಿ ತನ್ನ ಜಾಗಕ್ಕೆ ಬಂತು ಅಂತ ಅದು ಎಲ್ಲ ಬಿಟ್ಟು ಜಗಳಕ್ಕೆ ಬರುತ್ತದೆ, ನಾವು ಫೋಟೋ ತೆಗೆದು ಖುಷಿಯಾಗಿ ಹೋಗುತ್ತೇವೆ. ಅಪರೂಪದ ಹಕ್ಕಿ ಸಿಕ್ಕರೆ ಹಾಕುವ ಮುಂಚೆ ಫೋಟೋದೊಳಗಿನ ಜಿಪಿಎಸ್ ಅಳಿಸಿ.

ಆದರೂ ಈಗಲೇ ಕೊಳ್ಳಿ ಅನ್ನುವುದಿಲ್ಲ. ಆ ಲೆನ್ಸುಗಳು ಸುಮಾರು ಎರಡು ಕಿಲೋ, ಕೆಲವು ಮೂರರ ಹತ್ತಿರ. ಎರಡು ದಿನ ಬಾಡಿಗೆಗೆ ತಂದು ಹೆಗಲಿಗೆ ಹಾಕಿಕೊಂಡು ನಡೆಯಿರಿ, ಹೆಗಲೇ ಉತ್ತರ ಹೇಳುತ್ತದೆ. ತಂದಾಗ ಮಧ್ಯಾಹ್ನ ಪರೀಕ್ಷೆ ಮಾಡಬೇಡಿ. ಬಿಸಿಲಿಗೆ ನೆಲ ಕಾದು ಗಾಳಿ ಕುದಿಯುತ್ತಿರುತ್ತದೆ, ದೂರದ ಹಕ್ಕಿ ಎಂಥ ಲೆನ್ಸಿನಲ್ಲೂ ಕಲಸಿಹೋಗುತ್ತದೆ. ಅದನ್ನು ನೋಡಿ ಲೆನ್ಸ್ ಸರಿಯಿಲ್ಲ ಅಂತ ವಾಪಸ್ ಕೊಟ್ಟವರು ಇದ್ದಾರೆ.

ಜೇಡರಬಲೆ:

ಹಕ್ಕಿ ಬಗ್ಗೆ ಎಲ್ಲ ಹೇಳಿ ಆಯಿತು. ಜಲಪಾತ, ನಕ್ಷತ್ರ ಯಾರೂ ಮುಟ್ಟಲಿಲ್ಲ, ನಾನು ಹೇಳುತ್ತೇನೆ.

ಎಫ್/22 ಬೇಡ. ರಂಧ್ರ ಅಷ್ಟು ಚಿಕ್ಕದಾದರೆ ಬೆಳಕು ಅಂಚಿನಲ್ಲಿ ಬಾಗಿ ಹರಡುತ್ತದೆ, ಇಡೀ ಫೋಟೋ ಮೆತ್ತಗಾಗುತ್ತದೆ. ನಿಮಗೆ ಆಗಿದ್ದೂ ಅದೇ. ಎಫ್/8, ಎಫ್/11ರಲ್ಲಿ ನಿಲ್ಲಿ, ಬೆಳಕು ಕಡಿಮೆ ಮಾಡುವುದಕ್ಕೆ ಎನ್‌ಡಿ ಫಿಲ್ಟರ್ ಹಾಕಿ. ಅದು ಕ್ಯಾಮೆರಾಗೆ ಕಪ್ಪು ಕನ್ನಡಕ ಹಾಕಿದ ಹಾಗೆ. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕಿಳಿಯುವುದು. 6 ಸ್ಟಾಪಿನದು 64 ಪಟ್ಟು ಬೆಳಕು ತಡೆಯುತ್ತದೆ, 1/60 ಇದ್ದದ್ದು ಒಂದು ಸೆಕೆಂಡ್ ಆಗುತ್ತದೆ. 10 ಸ್ಟಾಪಿನದಾದರೆ ಹೆಚ್ಚುಕಡಿಮೆ ಸಾವಿರ ಪಟ್ಟು, ಅದೇ 1/60 ಹದಿನಾರು ಹದಿನೇಳು ಸೆಕೆಂಡಿಗೆ ಹೋಗುತ್ತದೆ. ಜಲಪಾತಕ್ಕೆ ಅಷ್ಟು ಬೇಡ. ಕಾಲು ಸೆಕೆಂಡಿನಿಂದ ಒಂದು ಸೆಕೆಂಡ್ ನನಗಿಷ್ಟ. ಅದಕ್ಕಿಂತ ಜಾಸ್ತಿಯಾದರೆ ನೀರು ಹೋಗಿ ಬರೀ ಹೊಗೆ ಉಳಿಯುತ್ತದೆ. ಒಂದೇ ಫಿಲ್ಟರ್ ಕೊಳ್ಳುವುದಾದರೆ ನಾನು ಪೋಲರೈಸರ್ ಅನ್ನುತ್ತೇನೆ. ಒದ್ದೆ ಬಂಡೆ, ಒದ್ದೆ ಎಲೆಯ ಮೇಲಿನ ಹೊಳಪು ತೆಗೆದು ಒಳಗಿನ ಹಸಿರು ತೋರಿಸುತ್ತದೆ, ಒಂದೂವರೆ ಎರಡು ಸ್ಟಾಪ್ ಬೆಳಕನ್ನೂ ತಿನ್ನುತ್ತದೆ. ಎಲ್ಲಕ್ಕಿಂತ ಮೊದಲು ಮಧ್ಯಾಹ್ನದ ಬಿಸಿಲಲ್ಲಿ ಹೋಗುವುದು ಬಿಡಿ, ಮೋಡ ಕವಿದ ದಿನ ಹೋಗಿ. ಟ್ರೈಪಾಡ್ ಮರೆಯಬೇಡಿ.

ನಕ್ಷತ್ರ ಅಕ್ಕಿಕಾಳಾಗುವುದು ಭೂಮಿ ತಿರುಗುವುದರಿಂದ. 500ನ್ನು ಫೋಕಲ್ ಲೆಂತಿನಿಂದ ಭಾಗಿಸಿ, ಅಷ್ಟು ಸೆಕೆಂಡಿನೊಳಗೆ ಮುಗಿಸಿ. ನಿಮ್ಮ 18 ಎಂಎಂ ಅನ್ನು ಕ್ರಾಪಿನ 1.5ರಿಂದ ಗುಣಿಸಿದರೆ 27, ಅಂದರೆ ಹದಿನೆಂಟು ಸೆಕೆಂಡ್. ಈಗಿನ ಸೆನ್ಸರುಗಳಿಗೆ ಇದೂ ಜಾಸ್ತಿಯೇ, ನಾನು ಹನ್ನೆರಡಕ್ಕೆ ನಿಲ್ಲಿಸುತ್ತೇನೆ.

ಸೆಟಿಂಗ್ ಬಾಯಿಪಾಠ ಇರಬೇಕು ಅನ್ನುವುದಕ್ಕೆ ಒಂದು ಕಥೆ. 1941ರಲ್ಲಿ ಅಮೆರಿಕದ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ ಅಲ್ಲಿನ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬಲ್ಲಿ, ಊರಿನ ಮೇಲೆ ಚಂದ್ರ ಬಂದದ್ದನ್ನು ಕಂಡು ಕಾರು ನಿಲ್ಲಿಸಿದರು. ಅವಸರದಲ್ಲಿ ಲೈಟ್ ಮೀಟರ್ ಸಿಗಲಿಲ್ಲ. ಚಂದ್ರನ ಬೆಳಕು ಎಷ್ಟು ಅಂತ ತಲೆಯಲ್ಲಿತ್ತು, ಅದರ ಮೇಲೆ ಲೆಕ್ಕ ಹಾಕಿ ಒಂದು ತೆಗೆದರು. ಎರಡನೆಯದಕ್ಕೆ ತಯಾರಾಗುವಷ್ಟರಲ್ಲಿ ಊರಿನ ಸ್ಮಶಾನದ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು. ಆ ಒಂದು ನೆಗೆಟಿವ್ ಇವತ್ತಿಗೂ ಹೆಸರುವಾಸಿ. ನಮಗೆ ಮೆನು ಹುಡುಕುವುದರಲ್ಲೇ ಹಕ್ಕಿ ಹೋಗಿರುತ್ತದೆ, ಅಲ್ವಾ?

ಹೊಸ ಕ್ಯಾಮೆರಾದವ:

ಎಲ್ಲರಿಗೂ ಥ್ಯಾಂಕ್ಸ್. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ.

ಕೆಸರುಬೂಟು ಸರ್, ನೀವು ಹೇಳಿದ್ದು 1/125. ನನ್ನ ಮಿಂಚುಳ್ಳಿ 1/100! ಇಡೀ ವರ್ಷದ್ದು ನೋಡಿದೆ, 1/250 ದಾಟಿದ್ದು ಬೆರಳೆಣಿಕೆ. ಆಟೋ ಮೋಡ್ ನಂಬಿಕೊಂಡು ಕೂತಿದ್ದೆ. ಗೆಳೆಯನಿಗೆ ತೋರಿಸಿದೆ, ಅವನು ಮಾತಾಡದೆ ತನ್ನ ಕ್ಯಾಮೆರಾ ತೆಗೆದು ನೋಡಿಕೊಂಡ.

ಒಂದೇ ಕೆರೆಗೆ ಮೂರು ಬೆಳಗ್ಗೆ ಹೋದೆ. ಮೊದಲ ದಿನ ಎಸಿ ರೂಮಿನಿಂದ ನೇರ ಹೊರಗೆ ತಂದು ಬ್ಯಾಗ್ ತೆರೆದೆ, ಲೆನ್ಸಿನ ಮೇಲೆಲ್ಲ ಮಂಜು ಕೂತಿತು. ಒರೆಸಿದಷ್ಟೂ ಬರುತ್ತಿತ್ತು. ಅರ್ಧ ಗಂಟೆ ಒಳ್ಳೆಯ ಬೆಳಕೆಲ್ಲ ಹೋಯಿತು. ಮುಂದಿನ ದಿನದಿಂದ ಹೊರಗೆ ಬಂದ ಮೇಲೂ ಬ್ಯಾಗ್ ಮುಚ್ಚಿಯೇ ಇಟ್ಟು, ಒಳಗಿನ ಸಾಮಾನು ಹೊರಗಿನ ಬಿಸಿಗೆ ಹೊಂದುವ ತನಕ ಕಾದೆ. ಮೂರು ದಿನಕ್ಕೆ ತೆಗೆದದ್ದು ಇನ್ನೂರ ಹತ್ತು, ಉಳಿಸಿಕೊಂಡದ್ದು ಹನ್ನೊಂದು. ಬೆಳ್ಳಕ್ಕಿಯ ಗರಿ ಎಣಿಸಬಹುದು. 150-600 ಸದ್ಯಕ್ಕೆ ಬೇಡ, ಬಾಡಿಗೆಗೆ ಒಮ್ಮೆ ತರುತ್ತೇನೆ.

ಆದರೆ ಮಿಂಚುಳ್ಳಿ ಧುಮುಕುವುದು ಮಾತ್ರ ಸಿಗುತ್ತಿಲ್ಲ. ನನ್ನ ಹತ್ತಿರ ಈಗ ಇಪ್ಪತ್ತಾರು ಫೋಟೋ ಇವೆ, ಎಲ್ಲದರಲ್ಲೂ ನೀರಿನ ಉಂಗುರ ಮಾತ್ರ. ಅದಕ್ಕೇನು ಮಾಡಲಿ?

ನಿಧಾನಿ:

ಇಪ್ಪತ್ತಾರೇ? ನನ್ನ ಹತ್ತಿರ ಮುನ್ನೂರು ಉಂಗುರ ಇವೆ. ಧುಮುಕುವುದನ್ನು ಸದ್ಯಕ್ಕೆ ಬಿಡಿ. ಅದು ಹೊರಗೆ ಬಂದು ಮೀನು ಬಡಿಯುವ ಕೊಂಬೆ ಯಾವುದು ಅಂತ ನೋಡಿದಿರಾ? ಅಲ್ಲಿ ನಿಮಗೆ ಒಂದು ನಿಮಿಷವಾದರೂ ಸಿಗುತ್ತದೆ. ಆ ಕೊಂಬೆಯ ಫೋಟೋ ಹಾಕಿ, ಬೆಳಕು ಯಾವ ಕಡೆಯಿಂದ ಬರುತ್ತದೆ ನೋಡಿ, ಎಲ್ಲಿ ಕೂರಬೇಕು ಅಂತ ಹೇಳುತ್ತೇನೆ.